ದಿಂಗರ ಊರಲ್ಲಿ ಆಡದ ಆಟ

ಎಪ್ಪತ್ತರ ಹುಟ್ಟುಹಬ್ಬಕ್ಕೆ ಮೇಳದಿಂದ ಯಾವ ಆಟ ಆಡಿಸಲಿ ಅಂತ ಮಗ ಕೇಳಿದಾಗ ಸಾಯ್‌ಹುವಾ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಕಳಲೆಯ ಸಿಪ್ಪೆ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ "ಹಿಮದ ಸೇತುವೆ" ಅಂದಳು.

ಮಗ ಗ್ವೊಲ್ಯಾಂಗ್ ತನಗೆ ಕೇಳಿಸಿದ್ದು ತಪ್ಪಿರಬೇಕು ಅಂದುಕೊಂಡ. ಕೊರಳಿಗೆ ಕಟ್ಟುವ ಟೈ ನೇಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮಗ್ಗಗಳ ಸದ್ದಿನ ನಡುವೆ ದುಡಿದವನು, ಕಿವಿ ಸ್ವಲ್ಪ ಮಂದ. ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಅದನ್ನೇ ಅಂದಳು. ಒಲೆಯ ಮುಂದಿದ್ದ ಸೊಸೆ ಯಾಛಿನ್ ಎತ್ತಿದ ಸೌಟನ್ನು ಎತ್ತಿದಂತೆಯೇ ಹಿಡಿದು ಅತ್ತೆಯ ಕಡೆ ತಿರುಗಿದಳು.

ಊರಿನ ಹೆಸರು ದಿಂಗ್‌ಜ್ಯಾ. ಹೊಳೆಯ ದಂಡೆಯ ಇನ್ನೂರು ಮನೆಗಳಲ್ಲಿ ನೂರ ಎಂಬತ್ತು ಮನೆ ದಿಂಗ್ ವಂಶದವರವೇ. 'ಹಿಮದ ಸೇತುವೆ' ಆಟದ ನಾಯಕನೂ ಒಬ್ಬ ದಿಂಗ್, ದಿಂಗ್ ಶೂಹಾನ್. ನಾಯಕ ಅನ್ನುವುದಕ್ಕಿಂತ ಪಾಪಿ ಅಂದರೇ ಸರಿ. ಹೆಂಡತಿ ತನ್ನ ಮಗ್ಗ ಮಾರಿ ಅವನನ್ನು ಪರೀಕ್ಷೆಗೆಂದು ರಾಜಧಾನಿಗೆ ಕಳಿಸುತ್ತಾಳೆ. ಅವನು ಗೆದ್ದು ದೊಡ್ಡ ಅಧಿಕಾರಿಯಾಗಿ ಮಂತ್ರಿಯ ಮಗಳನ್ನು ಮದುವೆಯಾಗುತ್ತಾನೆ. ಮೂರು ವರ್ಷ ದಾರಿ ಕಾದ ಹೆಂಡತಿ ಚಳಿಯಲ್ಲಿ ನಡೆದು ನಡೆದು ಅವನ ಬಾಗಿಲಿಗೆ ಬಂದರೆ, ಹತ್ತು ಜನರ ಎದುರು "ಇವಳ ಗುರುತು ನನಗಿಲ್ಲ, ಒಂದಿಷ್ಟು ಅಕ್ಕಿ ಕೊಟ್ಟು ಕಳಿಸಿ" ಅನ್ನುತ್ತಾನೆ. ಅವಳು ಪಟ್ಟಣದ ಹೊರಗಿನ ಸೇತುವೆಯ ಮೇಲೆ ಹಿಮಕ್ಕೆ ಸಿಕ್ಕಿ ಸಾಯುತ್ತಾಳೆ. ಸುತ್ತಲ ಹಳ್ಳಿಗಳಲ್ಲಿ ಈ ಆಟಕ್ಕೆ ಅಳದ ಹೆಂಗಸಿಲ್ಲ. ದಿಂಗ್‌ಜ್ಯಾದಲ್ಲಿ ಮಾತ್ರ ಅದನ್ನು ಯಾವ ಕಾಲಕ್ಕೂ ಯಾರೂ ಆಡಿಸಿದ್ದಿಲ್ಲ. ಊರಿನ ಹಿರೀಕರ ಗುಡಿಯಲ್ಲಿ, ಮೂರನೇ ಸಾಲಿನ ಎಡತುದಿಗೆ, ದಿಂಗ್ ಶೂಹಾನನ ಹೆಸರು ಬರೆದ ಹಲಗೆ ನಿಂತಿದೆ. ಅಮಾವಾಸ್ಯೆ ಹುಣ್ಣಿಮೆಗೆ ಅದಕ್ಕೂ ಊದುಬತ್ತಿ ಹಚ್ಚುತ್ತಾರೆ. ಗುಡಿಯ ರಂಗಸ್ಥಳ ಇರುವುದು ಆ ಹಲಗೆಗಳಿಗೆ ನೇರ ಎದುರಾಗಿ. ಯಾವ ಆಟವಾದರೂ ಮೊದಲು ಹಿರೀಕರು ನೋಡಬೇಕು, ಆಮೇಲೆ ಬದುಕಿರುವವರು.

ಗ್ವೊಲ್ಯಾಂಗ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಮ್ಮನಿಗೆ ಬುದ್ಧಿ ಹೇಳಿದ. ನೂರು ಆಟಗಳಿವೆ, ಹುಟ್ಟುಹಬ್ಬಕ್ಕೆ ಮಂಗಳದ ಆಟಗಳೇ ಹತ್ತಾರಿವೆ, ಮೇಳದವರು ಮೊದಲ ತಿಂಗಳ ಹದಿನಾರಕ್ಕೆ ಬರುತ್ತೇವೆ ಅಂತ ಆಗಲೇ ಒಪ್ಪಿದ್ದಾರೆ, ಸುಮ್ಮನೆ ಊರ ಬಾಯಿಗೆ ಯಾಕೆ ಬೀಳಬೇಕು ಅಂದ. ಸಾಯ್‌ಹುವಾ ಎಲ್ಲ ಕೇಳಿಸಿಕೊಂಡು, ಹಾಗಾದರೆ ಆಟವೇ ಬೇಡ, ನೂಡಲ್ಸ್ ಉಣ್ಣಿಸು ಸಾಕು ಅಂದಳು. ಮುನಿಸಿನಿಂದ ಅಂದದ್ದಲ್ಲ. ಅದೇ ಅವನನ್ನು ಇನ್ನಷ್ಟು ಕಂಗೆಡಿಸಿತು. ಈ ಅಮ್ಮ ಎಪ್ಪತ್ತು ವರ್ಷದಲ್ಲಿ ಮಗನಿಂದ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಇದು.

"ದೊಡ್ಡಮಾವನಿಗೆ ಹೇಳೋರು ಯಾರು?" ಅಂತ ಕೇಳಿದಳು ಯಾಛಿನ್.

"ನಾನೇ ಹೇಳ್ತೀನಿ."

ದೊಡ್ಡಮಾವ ಅಂದರೆ ದಿಂಗ್ ಹ್ವಾಯ್‌ದೆ, ಸಾಯ್‌ಹುವಾಳ ತೀರಿಹೋದ ಗಂಡನ ದೊಡ್ಡಪ್ಪನ ಮಗ. ಅವಳಿಗೆ ಭಾವ. ಎಪ್ಪತ್ತಾರರ ಮುದುಕ, ಕಡ್ಡಿಯಂಥ ಆಳು. ಹಿರೀಕರ ಗುಡಿಯ ಬೀಗದ ಕೈ, ವಂಶಾವಳಿಯ ಹನ್ನೆರಡು ಸಂಪುಟ ಎರಡೂ ಅವನ ಸುಪರ್ದಿನಲ್ಲಿದ್ದವು. ಮಾರನೆ ದಿನ ಸಾಯ್‌ಹುವಾ ಒಂದು ತಟ್ಟೆ ಹುರಿದ ಅಕ್ಕಿಕಡುಬಿನ ಚೂರು ಹಿಡಿದು ಅವನ ಮನೆಗೆ ಹೋದಳು. ಅವನು ಬಿಸಿಲಿಗೆ ಬೆತ್ತದ ಕುರ್ಚಿ ಹಾಕಿಕೊಂಡು, ಬೆಚ್ಚಗೆ ಕಾಯಿಸಿದ ಅಕ್ಕಿಮದ್ಯದ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಬೇಯಿಸಿದ ಅವರೆಕಾಳನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವಳು ಬಳಸಿ ಮಾತಾಡದೆ ನೇರ ಹೇಳಿದಳು. ಅವನು ಕಾಳು ಅಗಿಯುವುದನ್ನು ನಿಲ್ಲಿಸಿದ.

"ಗುಡಿಯಲ್ಲಿ ಶೂಹಾನನ ಎದುರಿಗೇ ಅವನ ಮಾನ ಹರಾಜು ಹಾಕ್ತೀಯಾ? ಯಾವ ವಂಶದಲ್ಲಾದ್ರೂ ಉಂಟಾ ಇದು? ಐವತ್ತು ವರ್ಷ ಈ ಊರಿನ ಅನ್ನ ಉಂಡಿದೀಯ ನೀನು."

"ಉಂಡಿದೀನಿ ಭಾವ. ಅದರ ನಾಟಿ ಮಾಡಿದ್ದೂ ನಾನೇ."

ಮುದುಕ ಮದ್ಯದ ಬಟ್ಟಲನ್ನು ಅತ್ತ ಸರಿಸಿದ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂದ. ಕಟ್ಟುಕಥೆ ಕಟ್ಟಿದವರು ಯಾರೋ ಹೊಟ್ಟೆಕಿಚ್ಚಿನವರು, ನಮ್ಮ ಶೂಹಾನ್ ಅಂಥವನಲ್ಲ, ವಂಶಾವಳಿಯಲ್ಲಿ ಅವನನ್ನು ಶುದ್ಧಹಸ್ತದ ಅಧಿಕಾರಿ ಅಂತ ಬರೆದಿದೆ ಅಂದ. ಕಡುಬಿನ ತಟ್ಟೆಯನ್ನು ಮಾತ್ರ ಇಟ್ಟುಕೊಂಡ.

ಮಾತು ಊರೆಲ್ಲ ಹಬ್ಬಿತು. ತರಕಾರಿ ತೊಳೆಯುವ ಕಲ್ಲಿನ ಮೆಟ್ಟಿಲ ಮೇಲೆ ಹೆಂಗಸರು, ಎಪ್ಪತ್ತಕ್ಕೆ ಬುದ್ಧಿ ತೊಟ್ಟಿಲಿಗೆ ಇಳಿಯುತ್ತದಂತೆ ಅಂತ ಆಡಿಕೊಂಡರು. ಹಂದಿಮಾಂಸ ಮಾರುವವನು, ಹಾಗಾದರೆ ನಮ್ಮೆಲ್ಲರ ಹೆಂಡಿರನ್ನೂ ಗುಡಿಗೆ ಕರೆಸಿ ಗಂಡಂದಿರ ಪಾಪ ಹಾಡಿಸಿಬಿಡಲಿ ಅಂದ. ಅವನ ಹೆಂಡತಿ ಅಲ್ಲೇ ಇದ್ದವಳು, ನಿನ್ನದಾದರೆ ಮೂರು ದಿನದ ಆಟ ಬೇಕು ಅಂದಳು. ತಮಾಷೆಯೆಂದರೆ ನಲವತ್ತು ದಾಟದ ಯಾರಿಗೂ ಆ ಶೂಹಾನ್ ನಿಜಕ್ಕೂ ಮಾಡಿದ್ದೇನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬ, ಅವನು ಹೆಂಡತಿಯನ್ನು ಬಾವಿಗೆ ತಳ್ಳಿದ ಅಂದ. ಇನ್ನೊಬ್ಬ, ಅಲ್ಲ, ಮಾರಿದ ಅಂದ.

ಸಾಯ್‌ಹುವಾಳಿಗೆ ಗೊತ್ತಿತ್ತು. ಅವನು ಹೇಗೆ ನಡೆಯುತ್ತಿದ್ದ, ಯಾವ ಮಾತಿಗೆ ತೋಳು ಕೊಡವುತ್ತಿದ್ದ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದ, ಎಲ್ಲ ಗೊತ್ತಿತ್ತು. ಹದಿನೈದರಿಂದ ಇಪ್ಪತ್ತರವರೆಗೆ ಐದು ವರ್ಷ ಅವನ ವೇಷ ಹಾಕಿದವಳು ಅವಳೇ.

ಆ ಸೀಮೆಯ ಯ್ವೆ ಅನ್ನುವ ಹಾಡುನಾಟಕದ ಮೇಳಗಳಲ್ಲಿ ಗಂಡುವೇಷವನ್ನೂ ಹೆಣ್ಣುಮಕ್ಕಳೇ ಹಾಕುತ್ತಾರೆ. ಬಡವರ ಮನೆಯ ಹುಡುಗಿಯರನ್ನು ಹನ್ನೆರಡು ಹದಿಮೂರಕ್ಕೆ ಮೇಳಕ್ಕೆ ಬಿಡುವುದು ಆಗ ರೂಢಿ; ಎರಡು ಹೊತ್ತು ಊಟ ಸಿಕ್ಕುತ್ತದೆ, ಒಂದು ಬಾಯಿ ಕಡಿಮೆಯಾಗುತ್ತದೆ. ಸಾಯ್‌ಹುವಾಳನ್ನು ಅಪ್ಪ ಹಾಗೇ ಬಿಟ್ಟುಬಂದ. ಎತ್ತರದ ಹುಡುಗಿ, ದನಿ ತಗ್ಗಿನದು, ಅದಕ್ಕೇ ಗುರು ಅವಳಿಗೆ ತರುಣನ ಪಾತ್ರ ಕೊಟ್ಟ. ಅವಳ ಜೋಡಿಗೆ ಹೆಂಡತಿಯ ಪಾತ್ರಕ್ಕೆ ಬಂದವಳು ಯೂಲಾನ್, ಅವಳಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಬಟ್ಟಲು, ಗುರುವಿನ ಬೆತ್ತವೂ ಸರಿಪಾಲು. ಸಂಜೆಸಂಜೆಗೂ ಸಾಯ್‌ಹುವಾ ಅವಳನ್ನು ಗುರುತಿಲ್ಲ ಅಂತ ಬಾಗಿಲಿಂದ ಅಟ್ಟುತ್ತಿದ್ದಳು. ಬಣ್ಣ ತೊಳೆದ ಮೇಲೆ ಯೂಲಾನ್, "ಪಾಪಿ ಗಂಡ, ಕಾಲು ಒತ್ತು ಬಾ" ಅಂತ ಕಾಲು ಚಾಚುತ್ತಿದ್ದಳು.

ಇಪ್ಪತ್ತಕ್ಕೆ ಮದುವೆ ಬಂತು. ಗಂಡು ಒಳ್ಳೆಯವನು, ಹೊಳೆಯಲ್ಲಿ ಮರಳುದೋಣಿ ನಡೆಸುವವನು, ವಂಶ ದಿಂಗ್. ಬಂದ ಮೂರನೇ ದಿನ ಅತ್ತೆ ಅವಳನ್ನು ಒಳಗೆ ಕರೆದು, ನೀನು ಮೇಳದಲ್ಲಿದ್ದದ್ದು ನನಗೆ ಅಡ್ಡಿಯಿಲ್ಲ, ಯಾರ ವೇಷ ಹಾಕುತ್ತಿದ್ದೆ ಅಂತ ಊರಿಗೆ ತಿಳಿಯುವುದು ಬೇಡ, ಈ ಸೂರಿನ ಕೆಳಗೆ ಆ ಪದ ಬೇಡ ಅಂದಳು. ಸಾಯ್‌ಹುವಾ ಹೂಂ ಅಂದಳು. ಅತ್ತೆ ತೀರಿ ಮೂವತ್ತು ವರ್ಷವಾದರೂ ಆ ಸೂರಿನ ಕೆಳಗೆ ಅವಳು ಒಂದು ಸಾಲನ್ನೂ ಗುನುಗಿದ್ದಿಲ್ಲ.

ಹುಟ್ಟುಹಬ್ಬಕ್ಕೆ ಇನ್ನೂ ಹತ್ತು ದಿನ ಇರುವಾಗ ಮೇಳದ ಒಡತಿ ಜಿಂಗ್‌ವೆನ್ ಬಂದಳು. ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಜೊತೆಗೆ ಗಂಡುವೇಷದ ಸೂಪೇಯ್ ಅನ್ನುವ ಇಪ್ಪತ್ತೆರಡರ ಹುಡುಗಿ. ಗ್ವೊಲ್ಯಾಂಗ್ ಕೈ ಕೈ ಹಿಸುಕುತ್ತ ಊರಿನ ತಕರಾರು ಹೇಳಿದ. ಜಿಂಗ್‌ವೆನ್ ಅದಕ್ಕೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಯಾವ ಊರಿಗೆ ಯಾವ ಆಟ ವರ್ಜ್ಯ ಅನ್ನುವ ಪಟ್ಟಿ ತನ್ನ ತಲೆಯಲ್ಲೇ ಇದೆ, ಬೇರೆ ಆಡೋಣ ಅಂದಳು. ಆಮೇಲೆ ಸಾಯ್‌ಹುವಾಳ ಕಡೆ ತಿರುಗಿ, ತಾನು ಬಂದದ್ದು ಅದಕ್ಕಲ್ಲ ಅಂದಳು.

"ಅಮ್ಮಾ, ನಾನು ಯೂಲಾನ್ ಗುರುಗಳ ಶಿಷ್ಯೆ. ಅವರು ತೀರಿಕೊಂಡಿದ್ದು ನಿಮಗೆ ಗೊತ್ತಾ?"

ಗೊತ್ತಿತ್ತು. ಹೋದ ಚಳಿಗಾಲದ ಆರಂಭದಲ್ಲಿ, ಉಪ್ಪಿಗೆ ಹಾಕಲು ಸಾಸಿವೆಸೊಪ್ಪು ಕೊಯ್ಯುವ ಹೊತ್ತಿಗೆ, ಪಟ್ಟಣದಿಂದ ಬಂದ ಯಾರೋ ಹೇಳಿದ್ದರು. ಅವತ್ತು ಸಾಯ್‌ಹುವಾ ಒಂದೇ ಜಾಡಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಜಿಂಗ್‌ವೆನ್ ವಿಷಯ ಬಿಡಿಸಿ ಹೇಳಿದಳು. 'ಹಿಮದ ಸೇತುವೆ'ಯ ಕೊನೆಯ ಅಂಕದಲ್ಲಿ, ಹೆಂಡತಿ ಸತ್ತ ಮೇಲೆ ದಿಂಗ್ ಶೂಹಾನ್ ಒಬ್ಬನೇ ಸೇತುವೆಗೆ ಬಂದು ಹಾಡುವ ಪದ ಒಂದಿದೆ. ಸರ್ಕಾರ ಹಳೆಯ ಆಟಗಳನ್ನು ನಿಲ್ಲಿಸಿದ ವರ್ಷಗಳಲ್ಲಿ ಕೈಬರಹದ ಪ್ರತಿಗಳೆಲ್ಲ ಬೆಂಕಿಗೆ ಹೋದವು. ಆಮೇಲೆ ಆಟ ಮತ್ತೆ ಶುರುವಾದಾಗ ಆ ಪದದಲ್ಲಿ ಉಳಿದದ್ದು ಹನ್ನೆರಡೇ ಸಾಲು. ಯೂಲಾನ್ ಗುರುಗಳು ಮೂಲದಲ್ಲಿ ನಲವತ್ತು ಸಾಲಿತ್ತು ಅನ್ನುತ್ತಿದ್ದರು. ಆದರೆ ಆ ಹೊತ್ತಿಗೆ ಅವರ ಪಾತ್ರ ಸತ್ತು ಅವರು ರಂಗಸ್ಥಳದ ಹಿಂದೆ ಮುಖ ತೊಳೆಯುತ್ತಿರುತ್ತಿದ್ದರಲ್ಲ, ಅವರಿಗೆ ಬಾಯಿಗೆ ಬರುತ್ತಿರಲಿಲ್ಲ.

"ದಿಂಗ್‌ಜ್ಯಾದಲ್ಲಿ ಸಾಯ್‌ಹುವಾ ಅಂತ ಒಬ್ಬಳಿದಾಳೆ, ಅವಳ ಹತ್ರ ನಲವತ್ತೂ ಇರ್ತದೆ, ಹೋಗಿ ಕೇಳು ಅಂದಿದ್ರು," ಅಂದಳು ಜಿಂಗ್‌ವೆನ್. ಸ್ವಲ್ಪ ತಡೆದು ಹೇಳಿದಳು: "ಅವಳು ಗುರುತಿಲ್ಲ ಅಂದ್ರೆ ಒತ್ತಾಯ ಮಾಡಬೇಡ, ಚಾ ಕುಡಿದು ಬಂದುಬಿಡು ಅಂತಲೂ ಅಂದಿದ್ರು."

ಸಾಯ್‌ಹುವಾ ಎದ್ದು ಚಾಕ್ಕೆ ನೀರಿಡಲು ಹೋದಳು. ಒಲೆಯ ಮುಂದೆ ಬಹಳ ಹೊತ್ತು ನಿಂತಳು. ನೀರು ಕುದಿದು ಕುದಿದು ಅರ್ಧವಾಯಿತು. ಯಾಛಿನ್ ಒಳಗೆ ಬಂದು ನೋಡಿದಾಗ ಅತ್ತೆ ಅಳುತ್ತಿರಲಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಸಾಲುಗಳನ್ನು.

"ಈ ಮನೆಯೊಳಗೆ ಬೇಡ," ಅಂದಳು ಹೊರಗೆ ಬಂದು. "ಹೊಳೆಯಾಚೆ ಹೋಗೋಣ."

ಹೊಳೆಯಾಚೆ ಹಳೆಯ ದೋಣಿಕಟ್ಟೆಯಿತ್ತು. ಕಾಂಕ್ರೀಟಿನ ಸೇತುವೆಯಾದ ಮೇಲೆ ಅಲ್ಲಿ ದೋಣಿ ನಿಲ್ಲುತ್ತಿರಲಿಲ್ಲ. ಕಲ್ಲಿನ ಮೆಟ್ಟಿಲು, ಒಂದು ಹೆಂಚಿನ ಮಾಡು, ಎರಡು ಕಲ್ಲುಬೆಂಚು ಮಾತ್ರ ಉಳಿದಿದ್ದವು. ಜಾಗ ಪಕ್ಕದೂರಿನದು. ಮಧ್ಯಾಹ್ನದ ಊಟವಾದ ಮೇಲೆ ದಿನಾ ಅತ್ತೆ, ಸೊಸೆ, ಮೇಳದ ಇಬ್ಬರು ಹೀಗೆ ನಾಲ್ವರೂ ಅಲ್ಲಿಗೆ ಹೋಗತೊಡಗಿದರು. ಯಾಛಿನ್ ಚಳಿ ಕಾಯಿಸಲು ಕೆಂಡ ತುಂಬಿದ ಹಿತ್ತಾಳೆಯ ಡಬ್ಬಿಯನ್ನು ಅತ್ತೆಯ ಮಡಿಲಲ್ಲಿಟ್ಟು, ಮಗನ ಹಳೆಯ ಶಾಲೆಪುಸ್ತಕದ ಖಾಲಿ ಹಾಳೆಗಳಲ್ಲಿ ಸಾಲುಗಳನ್ನು ಬರೆದುಕೊಳ್ಳುತ್ತಿದ್ದಳು.

ಮೊದಲ ದಿನ ಸಾಯ್‌ಹುವಾಳ ಗಂಟಲಿಂದ ಬರೀ ಗಾಳಿ ಬಂತು. ಸೂಪೇಯ್ ನೆಲ ನೋಡಿದಳು. ಮುದುಕಿ ಎರಡು ಗುಟುಕು ಬಿಸಿನೀರು ಕುಡಿದು ಮತ್ತೆ ಶುರು ಮಾಡಿದಳು. ದನಿ ಒಡೆದಿತ್ತು, ಆದರೆ ಅದು ನಿಲ್ಲಬೇಕಾದಲ್ಲಿ ನಿಂತು, ಇಳಿಯಬೇಕಾದಲ್ಲಿ ಇಳಿಯಿತು.

*ಹಿಮವೇ, ಎಲ್ಲವ ಮುಚ್ಚುವುದು ನಿನ್ನ ಧರ್ಮ, ಮುಚ್ಚು;*
*ಅವಳಿಟ್ಟ ಹೆಜ್ಜೆಯೊಂದನು ಮಾತ್ರ ನನಗಾಗಿ ಬಿಚ್ಚು.*

ಸೂಪೇಯ್ ಒಳ್ಳೆಯ ಕಂಠದ ಹುಡುಗಿ. ಆದರೆ ಅವಳ ಶೂಹಾನ್ ಮೊದಲ ಸಾಲಿಗೇ ಎದೆ ಬಡಿದುಕೊಳ್ಳುತ್ತಿದ್ದ. ಸಾಯ್‌ಹುವಾ ತಡೆದಳು.

"ಇಷ್ಟು ಬೇಗ ಅಳಬೇಡ ಮಗಳೇ. ಅವನು ಅಧಿಕಾರಿ. ಯಾರಾದ್ರೂ ನೋಡ್ತಿದಾರಾ ಅಂತ ಮೊದಲು ಹಿಂದೆ ಮುಂದೆ ನೋಡ್ಕೋತಾನೆ. ಸೇತುವೆ ಮೇಲೂ ಅವನಿಗೆ ಅದೇ ಹೆದರಿಕೆ."

"ಅಷ್ಟೊಂದು ಕೆಟ್ಟವನಾ ಅಜ್ಜಿ?"

"ಕೆಟ್ಟವನಲ್ಲ. ಹೆದರುಪುಕ್ಕಲ. ಹೆದರುಪುಕ್ಕಲರೇ ಜಾಸ್ತಿ ಕೇಡು ಮಾಡೋದು."

ಎರಡು ದಿನಕ್ಕೆ ಇಪ್ಪತ್ತಾರು ಸಾಲು ಬಂದವು. ಇಪ್ಪತ್ತೇಳು, ಇಪ್ಪತ್ತೆಂಟು ಬರಲಿಲ್ಲ. ಇಪ್ಪತ್ತೊಂಬತ್ತರಿಂದ ನಲವತ್ತರವರೆಗೆ ಸರಾಗವಾಗಿ ಹರಿದವು. ನಡುವಿನ ಎರಡು ಮಾತ್ರ ಹಲ್ಲು ಉದುರಿದ ಜಾಗದ ಹಾಗೆ ಖಾಲಿ. ಜಿಂಗ್‌ವೆನ್ ಪರವಾಗಿಲ್ಲ, ಮೂವತ್ತೆಂಟು ಸಿಕ್ಕಿದ್ದೇ ಭಾಗ್ಯ ಅಂದಳು. ಸಾಯ್‌ಹುವಾ ಒಪ್ಪಲಿಲ್ಲ. ಅಲ್ಲಿ ತಾಳ ಎರಡು ಸಾಲು ಬೇಡುತ್ತದೆ, ಬಿಟ್ಟರೆ ಕುಂಟುತ್ತದೆ ಅಂದಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಸೊಪ್ಪು ತೊಳೆಯುವಾಗ ಅವಳಿಗೆ ಬೇರೆ ಒಂದು ದಿನ ಕಣ್ಣೆದುರು ಬಂತು. ಬಂತು ಅನ್ನುವುದು ತಪ್ಪು. ಅದು ಯಾವಾಗಲೂ ಅಲ್ಲೇ ಇತ್ತು, ಇವಳು ಅತ್ತ ನೋಡುತ್ತಿರಲಿಲ್ಲ ಅಷ್ಟೆ.

ಆಟಗಳನ್ನು ನಿಲ್ಲಿಸಿ, ಹಳೆಯ ಮೇಳದವರನ್ನೆಲ್ಲ ಹೆಸರು ಹಿಡಿದು ಕರೆದು ಬೀದಿಯಲ್ಲಿ ನಿಲ್ಲಿಸಿ ಅವಮಾನ ಮಾಡುತ್ತಿದ್ದ ಕಾಲ. ಸಾಯ್‌ಹುವಾಳಿಗೆ ಮೂವತ್ತಮೂರು. ಪಟ್ಟಣದ ಸಂತೆಗೆ ಮೊಟ್ಟೆ ಕೊಡಲು ಹೋಗಿದ್ದಳು. ಬೆನ್ನಲ್ಲಿ ಗ್ವೊಲ್ಯಾಂಗ್, ಪಕ್ಕದಲ್ಲಿ ಊರಿನ ನಾಲ್ಕು ಹೆಂಗಸರು. ಎದುರಿಂದ ಒಬ್ಬಳು ಬೀದಿ ಗುಡಿಸುತ್ತ ಬಂದಳು. ಕೂದಲನ್ನು ಒಂದು ಕಡೆ ಮಾತ್ರ ಕತ್ತರಿಸಿದ್ದರು. ಯೂಲಾನ್. ಹತ್ತು ಹೆಜ್ಜೆ ದೂರದಲ್ಲಿ ಅವಳು ಪೊರಕೆ ನಿಲ್ಲಿಸಿದಳು, ಇವಳನ್ನು ನೋಡಿ ಮುಖ ಅರಳಿತು, ಬಾಯಿ ತೆರೆಯಿತು. ಸಾಯ್‌ಹುವಾ ಕಣ್ಣು ತಗ್ಗಿಸಿ ಬುಟ್ಟಿಯ ಮೊಟ್ಟೆ ಎಣಿಸುವವಳಂತೆ ಮಾಡಿದಳು. ಜೊತೆಯ ಹೆಂಗಸು, ಯಾರದು, ನಿನ್ನನ್ನೇ ನೋಡುತ್ತಾಳಲ್ಲ ಅಂದಾಗ, ಗುರುತಿಲ್ಲ ಅಂದಳು. ಯೂಲಾನ್ ಮತ್ತೆ ಗುಡಿಸತೊಡಗಿದಳು. ಇವಳು ದಾಟುವವರೆಗೆ ಪೊರಕೆಯನ್ನು ಪಕ್ಕಕ್ಕೆ ಹಿಡಿದು ದಾರಿ ಬಿಟ್ಟಳು. ಆಮೇಲೆ ಕಾಲ ಬದಲಾಯಿತು, ಆಟಗಳು ಮರಳಿ ಬಂದವು, ಪಟ್ಟಣ ಬಸ್ಸಿಗೆ ಮುಕ್ಕಾಲು ಗಂಟೆಯ ದಾರಿ. ಸಾಯ್‌ಹುವಾ ಹೋಗಲಿಲ್ಲ. ಇವತ್ತು ನಾಳೆ ಅನ್ನುತ್ತಲೇ ಮೂವತ್ತಾರು ವರ್ಷ ಕಳೆದುಹೋಯಿತು.

ಸೊಪ್ಪಿನ ಒಂದು ಕಟ್ಟು ಕೈತಪ್ಪಿ ಹೊಳೆಗೆ ಹೋಯಿತು. ಆ ಹೊತ್ತಿಗೆ ಅವಳ ಬಾಯಿಗೆ ಎರಡು ಸಾಲು ಬಂದಿದ್ದವು.

*ಗುರುತಿಲ್ಲವೆಂದೆನು ಹತ್ತು ಜನರ ಮುಂದೆ;*
*ಗುರುತು ಸಿಕ್ಕಿದ್ದಕ್ಕೇ ತಾನೆ ನಾ ಕಣ್ಣು ತಗ್ಗಿಸಿದೆ.*

ಮಧ್ಯಾಹ್ನ ದೋಣಿಕಟ್ಟೆಯಲ್ಲಿ ಅದನ್ನು ಹಾಡಿ ತೋರಿಸಿದಳು. ತಾಳಕ್ಕೆ ಸರಿಯಾಗಿ ಕೂತಿತು. ಸೂಪೇಯ್ ಎರಡನೇ ಸಲ ಹಾಡುವಾಗ ಎದೆ ಬಡಿದುಕೊಳ್ಳಲಿಲ್ಲ. ವೇಷದ ಅಂಗಿಯ ಉದ್ದನೆಯ ಬಿಳಿ ತೋಳು ಎರಡನ್ನೂ ಸುಮ್ಮನೆ ಕೆಳಗೆ ಬಿಟ್ಟಳು. ಜಿಂಗ್‌ವೆನ್ ಎದ್ದು ಹೊಳೆಯ ಕಡೆ ಮುಖ ಮಾಡಿ ನಿಂತಳು.

ಅಲ್ಲಿ ನಿಂತವಳಿಗೇ ಮೊದಲು ಕಂಡದ್ದು. ಸೇತುವೆ ದಾಟಿ ಕೋಲೂರಿಕೊಂಡು ಹ್ವಾಯ್‌ದೆ ಬರುತ್ತಿದ್ದ. ನೀರಿನ ಮೇಲೆ ದನಿ ದೂರ ಹೋಗುತ್ತದೆ. ಮೂರು ದಿನದಿಂದ ಆಚೆ ದಡದ ಅವನ ಬೆತ್ತದ ಕುರ್ಚಿಗೆ ಪದ ಕೇಳಿಸುತ್ತಲೇ ಇತ್ತು. ಯಾಛಿನ್ ಪುಸ್ತಕವನ್ನು ಬೆನ್ನ ಹಿಂದೆ ಮರೆಮಾಡಿದಳು. ಮುದುಕ ಯಾರನ್ನೂ ಬೈಯಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಏದುಸಿರು ಸುಧಾರಿಸಿಕೊಂಡು, "ಈಗ ಹಾಡಿದ್ದು ಎಲ್ಲಿಯದು?" ಅಂತ ಕೇಳಿದ.

"ಅದೇ ಪದದ್ದು ಭಾವ."

"ಸುಳ್ಳು ಹೇಳಬೇಡ. ಗುರುತಿಲ್ಲವೆಂದೆನು ಅನ್ನೋದು ಅದರಲ್ಲಿ ಇರಲಿಲ್ಲ. ಮಂತ್ರಿ ಮನೆ ದೀಪ, ರತ್ನಗಂಬಳಿ ಅಂತ ಏನೋ ಬರ್ತಿತ್ತು ಅಲ್ಲಿ."

ನಾಲ್ವರೂ ಅವನನ್ನೇ ನೋಡಿದರು. ಸಾಯ್‌ಹುವಾ ನಿಧಾನವಾಗಿ ಕೇಳಿದಳು, "ನಿಮಗೆ ಹೇಗೆ ಗೊತ್ತು?"

ಹ್ವಾಯ್‌ದೆ ಕೋಲಿನ ತುದಿಯಿಂದ ನೆಲದ ಪಾಚಿ ಕೆರೆದ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ, ಅಪ್ಪನಿಗೆ ಹೊಲಕ್ಕೆ ನೀರು ತಿರುಗಿಸಲು ಹೋಗುತ್ತೇನೆ ಅಂತ ಹೇಳಿ, ಮೇಲೂರಿಗೆ ಹೋಗಿ ಆಟ ನೋಡಿದ್ದೆ ಅಂದ. ತನ್ನ ಹಿರೀಕನನ್ನು ಊರೂರಲ್ಲಿ ಬೈಯುತ್ತಾರಲ್ಲ, ಏನಂತ ಬೈಯುತ್ತಾರೆ ನೋಡೋಣ ಅನ್ನಿಸಿತ್ತು.

"ಒಂದೇ ಸಲಾನಾ?" ಅಂದಳು ಯಾಛಿನ್, ತಡೆಯಲಾರದೆ.

"ನಾಕು ಸಲ," ಅಂದ ಮುದುಕ. ಆಮೇಲೆ ಸಾಯ್‌ಹುವಾಳ ಕಡೆ ನೋಡದೆ, "ನೀನು ತಮ್ಮನ ಕೈ ಹಿಡಿದು ಹೊಸ್ತಿಲು ದಾಟಿದ ದಿನವೇ ಗೊತ್ತಾಯ್ತು ನನಗೆ. ಆ ನಡಿಗೆ ಮರೆಯೋ ಅಂಥದ್ದಾ? ನಮ್ಮ ಶೂಹಾನನೇ ಕೆಂಪು ಅಂಗಿ ತೊಟ್ಟು ಮದುಮಗಳಾಗಿ ಬಂದ ಹಾಗಿತ್ತು" ಅಂದ.

"ಐವತ್ತು ವರ್ಷ ಒಂದು ಮಾತು ಆಡಲಿಲ್ಲವಲ್ಲ ಭಾವ."

"ಆಡಿದ್ರೆ ನಾನು ನೋಡಕ್ಕೆ ಹೋಗಿದ್ದೆ ಅಂತಲೂ ಹೇಳ್ಬೇಕಾಗಿತ್ತಲ್ಲ."

ಸೂಪೇಯ್ ನಗು ತಡೆಯಲಾಗದೆ ತೋಳು ಬಾಯಿಗೆ ಒತ್ತಿಕೊಂಡಳು. ಸಾಯ್‌ಹುವಾಳೂ ನಕ್ಕಳು. ನಗು ನಿಂತ ಮೇಲೆ, ಆ ಎರಡು ಸಾಲು ಹಳೆಯವಲ್ಲ, ನನ್ನವು ಅಂದಳು. ಯಾಕೆ ಅಂತಲೂ ಹೇಳಿದಳು. ಸಂತೆ, ಮೊಟ್ಟೆಯ ಬುಟ್ಟಿ, ಪೊರಕೆ. ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದಳು. ಯಾಛಿನ್ ಬಂದು ಅತ್ತೆಯ ಮಡಿಲಿನ ಕೆಂಡದ ಡಬ್ಬಿ ತೆಗೆದು, ಕಡ್ಡಿಯಿಂದ ಕೆದಕಿ, ಮತ್ತೆ ಮಡಿಲಲ್ಲಿಟ್ಟಳು.

ಜಿಂಗ್‌ವೆನ್ ತಿರುಗಿ ನಿಂತಳು. "ಗುರುಗಳು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲಮ್ಮ. ಅವಳ ಬೆನ್ನಲ್ಲಿ ಕೂಸಿತ್ತು ಅಂತ ಮಾತ್ರ ಒಂದ್ಸಲ ಅಂದಿದ್ರು. ಯಾರ ವಿಷಯ ಅಂತ ನನಗೆ ಆಗ ಗೊತ್ತಾಗಿರಲಿಲ್ಲ."

ಹೊಳೆಯಲ್ಲಿ ಮರಳು ತುಂಬಿದ ದೋಣಿಯೊಂದು ಇಂಜಿನ್ನಿನ ಸದ್ದು ಮಾಡುತ್ತ ಹೋಯಿತು.

ಹ್ವಾಯ್‌ದೆ ಎದ್ದವನು ಮತ್ತೆ ಕೂತ. ತನ್ನ ಮನಸ್ಸಿನಲ್ಲಿದ್ದದ್ದನ್ನು ಅವನೂ ಹೇಳಿದ. ವಂಶಾವಳಿಯಲ್ಲಿ ಶೂಹಾನನ ಹೆಸರಿನ ಕೆಳಗೆ ಅವನು ಗೆದ್ದ ಪರೀಕ್ಷೆ, ಏರಿದ ಹುದ್ದೆ ಎಲ್ಲ ಒಂದು ಪುಟ ತುಂಬ ಇದೆ. ಹೆಂಡತಿಯದು ಒಂದೇ ಸಾಲು: ಲ್ಯೂ ಮನೆಯವಳು, ಸಮಾಧಿ ತಿಳಿಯದು. ಎರಡನೇ ಹೆಂಡತಿಗೆ ಹಲಗೆಯಿದೆ, ಇವಳಿಗೆ ಇಲ್ಲ. ಉಳಿದೆಲ್ಲ ಹೆಂಗಸರ ಸಮಾಧಿಯ ದಿಕ್ಕು ಅಳತೆ ಬರೆದಿಟ್ಟವರಿಗೆ ಇವಳೊಬ್ಬಳದು ಯಾಕೆ ತಿಳಿಯದೆ ಹೋಯಿತು ಅಂತ ಪ್ರತಿ ವರ್ಷ ಪುಸ್ತಕ ಬಿಸಿಲಿಗೆ ಹಾಕುವಾಗ ತನಗೆ ಅನ್ನಿಸುತ್ತಿತ್ತು. ಯಾರ ಹತ್ತಿರವೂ ಆಡಿರಲಿಲ್ಲ.

"ಆಟದಲ್ಲಿ ಅವಳ ಹೆಸರೇನು? ನನಗೆ ಮರೆತಿದೆ." ಅಂತ ಕೇಳಿದ.

"ಮಿಂಗ್‌ಜೂ. ಲ್ಯೂ ಮಿಂಗ್‌ಜೂ."

"ನಿಜದ ಹೆಸರಾ ಅದು?"

"ಯಾರಿಗೆ ಗೊತ್ತು ಭಾವ. ಹೆಸರು ಅಂತ ಅವಳಿಗೆ ಇರೋದು ಅದೊಂದೇ."

ಮುದುಕ ತಲೆಯಾಡಿಸಿದ. ಆಟ ಆಡಿಸು, ಆದರೆ ನನ್ನದೊಂದು ಷರತ್ತು ಇದೆ ಅಂದ. ಆಟಕ್ಕೆ ಮೊದಲು ಅವಳ ಹಲಗೆಯನ್ನೂ ಗುಡಿಯಲ್ಲಿ ಶೂಹಾನನ ಪಕ್ಕ ಇಡಬೇಕು. ಅವನೊಬ್ಬನೇ ಕೂತು ನೋಡುವುದು ನ್ಯಾಯವಲ್ಲ, ಅವಳೂ ನೋಡಲಿ.

ಊರಲ್ಲಿ ಇದಕ್ಕೂ ಗುಸುಗುಸು ಎದ್ದಿತು. ಇಬ್ಬರು ಹಿರಿಯರು ಹ್ವಾಯ್‌ದೆಯ ಮನೆ ಬಾಗಿಲಿಗೇ ಬಂದು ಜಗಳಾಡಿದರು. ಅವನು ವಂಶಾವಳಿಯ ಆ ಪುಟವನ್ನು ತೆಗೆದು ಅವರ ಮುಂದೆ ಹಿಡಿದು, ಈ ಹೆಂಗಸಿನ ಸಮಾಧಿ ಎಲ್ಲಿದೆ ಹೇಳಿ, ಆಮೇಲೆ ಆಟ ನಿಲ್ಲಿಸುತ್ತೇನೆ ಅಂದ. ಅವರು ಹೋದರು. ಕರ್ಪೂರಮರದ ಹಲಗೆಯೊಂದನ್ನು ತಾನೇ ಉಜ್ಜಿ ನುಣ್ಣಗೆ ಮಾಡಿ, ಮೂರು ಸಲ ಕಾಗದದ ಮೇಲೆ ಅಭ್ಯಾಸ ಮಾಡಿ, ಕುಂಚದಲ್ಲಿ ಹೆಸರು ಬರೆದ.

ಹದಿನಾರರ ಮಧ್ಯಾಹ್ನ ನೂಡಲ್ಸಿನ ಊಟವಾದ ಮೇಲೆ ಹಿರೀಕರ ಗುಡಿ ತುಂಬಿತು. ಜನ ತಮ್ಮ ತಮ್ಮ ಮನೆಯ ಬೆಂಚು ಹೊತ್ತು ತಂದಿದ್ದರು. ಮಕ್ಕಳು ಕಬ್ಬು ಜಗಿಯುತ್ತ ಕಂಬಗಳ ಬುಡದಲ್ಲಿ ಕೂತಿದ್ದರು. ಸಾಯ್‌ಹುವಾಳಿಗೆ ನಡುವೆ ಕುರ್ಚಿ. ಬೆನ್ನ ಹಿಂದೆ ಮೂರನೇ ಸಾಲಿನಲ್ಲಿ ಹೊಸ ಹಲಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಮಿಕ್ಕವೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದವು.

ಪಿಟೀಲು ದನಿ ಎತ್ತಿತು, ತಾಳಕಡ್ಡಿ ಬಿತ್ತು. ಹೆಂಡತಿ ಮಗ್ಗ ಮಾರಿದಳು. ಶೂಹಾನ್ ದಾರಿ ಹಿಡಿದ. ಬಾಗಿಲ ದೃಶ್ಯ ಬಂದಾಗ 'ಗುರುತಿಲ್ಲ' ಅನ್ನುವ ಮಾತಿಗೆ ಗುಡಿಯೊಳಗೆ ಹೆಂಗಸರ ಉಸಿರು ಒಂದೇ ಸಲ ಒಳಕ್ಕೆ ಹೋದದ್ದು ಕೇಳಿಸಿತು. ಜಗಳಾಡಿದ್ದ ಹಿರಿಯರಲ್ಲೊಬ್ಬ ತನ್ನ ಬೆಂಚನ್ನು ಅಡ್ಡ ತಿರುಗಿಸಿ ಗೋಡೆ ನೋಡುತ್ತ ಕೂತ. ಎದ್ದು ಹೋಗಲಿಲ್ಲ.

ಕೊನೆಯ ಪದಕ್ಕೆ ಸೂಪೇಯ್ ಬಂದಳು. ಸೇತುವೆಯ ಮೊದಲ ಮೆಟ್ಟಿಲಲ್ಲಿ ನಿಂತು ಹಿಂದೆ ಒಮ್ಮೆ, ಮುಂದೆ ಒಮ್ಮೆ ನೋಡಿದಳು. ಸಾಯ್‌ಹುವಾ ಕುರ್ಚಿಯಲ್ಲಿ ಕೂತೇ ಬೆರಳು ಮಡಚುತ್ತ ಹೋದಳು. ಇಪ್ಪತ್ತೈದು, ಇಪ್ಪತ್ತಾರು. ಆ ಎರಡು ಸಾಲು ಬಂದಾಗ ಅವಳು ಎಣಿಸುವುದು ನಿಲ್ಲಿಸಿದಳು. ಐದು ವರ್ಷ ರಂಗಸ್ಥಳದ ಮೇಲೆ ನಿಂತು ಹಾಡಿದಾಗ ಎದುರಿಗಿದ್ದ ಜನರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಈಗ ಜನರ ನಡುವೆ ಕೂತು ನೋಡಿದಳು. ಹಂದಿಮಾಂಸ ಮಾರುವವನು ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಸಾಯ್‌ಹುವಾಳ ಕೆನ್ನೆಯೂ ತೋಯ್ದಿತ್ತು. ಅದನ್ನು ಯಾರಿಂದಲೂ ಮರೆಮಾಡಬೇಕು ಅಂತ ಅವಳಿಗೆ ಅನ್ನಿಸಲಿಲ್ಲ.

ಆಟ ಮುಗಿದು ಬೆಂಚುಗಳು ಹೊರಟಾಗ ಹುಡುಗರು ತಮ್ಮತಮ್ಮಲ್ಲೇ, ಬಾವಿಗೆ ತಳ್ಳಲೇ ಇಲ್ಲವಲ್ಲ, ಇಷ್ಟೇನಾ ಅಂದುಕೊಂಡರು. ಹ್ವಾಯ್‌ದೆ ಹಿಂದೆ ಉಳಿದು ಎರಡು ಹಲಗೆಗಳಿಗೂ ಊದುಬತ್ತಿ ಹಚ್ಚಿದ. ಸಾಯ್‌ಹುವಾ ಪಕ್ಕದಲ್ಲಿ ನಿಂತಾಗ, ಹುಡುಗಿ ಚೆನ್ನಾಗಿ ಹಾಡಿದಳು, ಆದರೆ ನಿನ್ನ ನಡಿಗೆ ಬಂದಿಲ್ಲ ಅಂದ.

ಅದು ನಿಜವಾಗಿತ್ತು. ಜಿಂಗ್‌ವೆನ್‌ಗೂ ಗೊತ್ತಿತ್ತು. ಮಾರನೆ ದಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಾಗ ಅವಳು ಬಂದು, ವಸಂತ ಮುಗಿಯುವವರೆಗೆ ನಮ್ಮ ಜೊತೆ ಇರುತ್ತೀರಾ ಅಂತ ಕೇಳಿದಳು. ಇನ್ನೂ ಮೂರು ಹುಡುಗಿಯರು ಗಂಡುವೇಷ ಕಲಿಯುತ್ತಿದ್ದಾರೆ, ನಡಿಗೆ ತಿದ್ದುವವರು ಇಲ್ಲ ಅಂದಳು. ಗ್ವೊಲ್ಯಾಂಗ್ ಈ ವಯಸ್ಸಿನಲ್ಲಿ, ಈ ಚಳಿಯಲ್ಲಿ ಅಂತ ಶುರುಮಾಡಿದ. ಅಷ್ಟರಲ್ಲಿ ಯಾಛಿನ್ ಅತ್ತೆಯ ಹತ್ತಿಯ ಕೋಟು, ಮಂಡಿಗೆ ಹಚ್ಚುವ ಎಣ್ಣೆ, ಒಂದು ಡಬ್ಬಿ ಒಣಸೊಪ್ಪಿನ ಉಪ್ಪಿನಕಾಯಿ ಎಲ್ಲ ಗಂಟು ಕಟ್ಟಿ ಹೊರಗೆ ತಂದಾಗಿತ್ತು.

"ಎಷ್ಟು ದಿನ ಅತ್ತೆ?"

"ನೋಡೋಣ. ಸಾಕಾದ್ರೆ ಬಸ್ಸು ಹತ್ತಿ ಬರ್ತೀನಿ."

ಡ್ರೈವರನ ಪಕ್ಕ ಬೆಚ್ಚಗಿರುತ್ತದೆ ಬನ್ನಿ ಅಂದರೂ ಸಾಯ್‌ಹುವಾ ಕೇಳದೆ ಹಿಂದೆ ಹುಡುಗಿಯರ ಜೊತೆ ವೇಷದ ಪೆಟ್ಟಿಗೆಯ ಮೇಲೆ ಕೂತಳು. ಲಾರಿ ಸೇತುವೆ ದಾಟಿ ತಿರುವಿಗೆ ಬಂದಾಗ ಸೂಪೇಯ್‌ಗೆ ಎದ್ದು ನಿಲ್ಲಲು ಹೇಳಿದಳು. ಲಾರಿ ಕುಲುಕುತ್ತಿತ್ತು.

"ಬೀಳ್ತೀನಿ ಅಜ್ಜಿ."

"ಬಿದ್ರೆ ಹಿಡ್ಕೋತೀವಿ. ಹಿಮ್ಮಡಿ ಮೊದಲು ಇಡು. ಭುಜ ಅಲುಗಬಾರದು."

ಹುಡುಗಿ ಎರಡು ಹೆಜ್ಜೆ ಇಟ್ಟಳು, ತೂರಾಡಿದಳು, ಉಳಿದವರು ನಕ್ಕು ಅವಳ ಸೊಂಟ ಹಿಡಿದರು. "ಇನ್ನೊಮ್ಮೆ," ಅಂದಳು ಸಾಯ್‌ಹುವಾ.